ಭುಜದ ಕವಚ ಜಾರುವುದು ನಿಂತಿದ್ದು ಹೀಗೆ

ಫೋಮ್ ಶೀಟಿನಲ್ಲಿ ಮಾಡಿದ ನನ್ನ ವೇಷದ ಕವಚದ ಎದೆಭಾಗ ಚೆನ್ನಾಗಿ ಕೂತಿತ್ತು. ಭುಜದ ತುಂಡು ಮಾತ್ರ ಕೈ ಎತ್ತಿದರೆ ಕುತ್ತಿಗೆಗೆ ಒತ್ತುತ್ತಿತ್ತು, ಇಳಿಸಿದರೆ ತೋಳಿಗೆ ಜಾರುತ್ತಿತ್ತು. ಅದನ್ನು ತೋಳಿಗೆ ಕಟ್ಟಿದ್ದ ಪಟ್ಟಿ ಇನ್ನೂ ಬಿಗಿ ಮಾಡಿದೆ. ತೋಳು ಜೋಮು ಹಿಡಿಯಿತು, ಅಷ್ಟೇ.

ಕನ್ನಡಿ ಮುಂದೆ ನಿಂತಾಗ ಗೊತ್ತಾಯ್ತು, ಭಾರವೆಲ್ಲ ತೋಳಿನ ಪಟ್ಟಿಯ ಮೇಲೇ ಇತ್ತು. ಭುಜದ ತುಂಡನ್ನು ಎದೆಕವಚದ ಹೆಗಲ ಪಟ್ಟಿಗೆ, ಕುತ್ತಿಗೆಯ ಹತ್ತಿರವೇ, ನೈಲಾನ್ ಪಟ್ಟಿ ಮತ್ತು ಬಕಲ್ ಹಾಕಿ ನೇತುಹಾಕಿದೆ. ತೋಳಿನ ಸುತ್ತ ಎಲಾಸ್ಟಿಕ್, ಒಂದು ಬೆರಳು ತೂರುವಷ್ಟು ಸಡಿಲ.

ಪಟ್ಟಿಯನ್ನು ಫೋಮಿಗೆ ಕೂರಿಸಲು ಬರೀ ಅಂಟನ್ನು ನಂಬಬೇಡಿ. ಎಳೆತ ಜಾಸ್ತಿಯಾಗಿ ನನ್ನ ಫೋಮಿನ ಮೇಲ್ಪದರವೇ ಕಿತ್ತು ಬಂತು. ಆಮೇಲೆ ಫೋಮನ್ನು ಸಣ್ಣಗೆ ಸೀಳಿ, ಪಟ್ಟಿಯ ತುದಿಯನ್ನು ಒಳಕ್ಕೆ ತೂರಿಸಿ, ಅದರ ಮೇಲೆ ಅಗಲವಾದ ಫೋಮ್ ತುಂಡು ಅಂಟಿಸಿದೆ. ಈಗ ಕೈ ತಲೆ ಮೇಲೆ ಎತ್ತಿದರೂ ಕವಚ ಜಾಗ ಬಿಡುವುದಿಲ್ಲ.