ಅಸಿಟ್ರೋಮ್ ತೆಗೆದುಕೊಳ್ಳುವವರ ಮನೆಯಲ್ಲಿ ಒಂದು ಕ್ಯಾಲೆಂಡರ್, ಒಂದು ನೋಟ್‌ಬುಕ್

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವಷ್ಟು ದಿನವೂ ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ ನುಂಗಬೇಕು. ‘ರಕ್ತ ತೆಳು ಮಾಡುವ ಮಾತ್ರೆ’ ಅನ್ನುವುದು ರೂಢಿ. ನಿಜವಾಗಿ ರಕ್ತ ತೆಳುವಾಗುವುದಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ ಅಷ್ಟೆ. ಮಾತ್ರೆ ಸಾಲದಿದ್ದರೆ ಕವಾಟದ ಮೇಲೆ ಹೆಪ್ಪು ಕೂರುತ್ತದೆ, ಹೆಚ್ಚಾದರೆ ರಕ್ತಸ್ರಾವ.

ಮೊದಲ ಕೆಲಸ ಕ್ಯಾಲೆಂಡರಿನದು. ನನ್ನ ತಾಯಿಗೆ ‘ಒಂದು ದಿನ 2 ಮಿ.ಗ್ರಾಂ, ಮರುದಿನ 3’ ಎಂದು ಬರೆದುಕೊಟ್ಟಿದ್ದರು. ಮನೆಯಲ್ಲಿ ಎರಡು ಸ್ಟ್ರಿಪ್. ನಿನ್ನೆ ಯಾವುದು ನುಂಗಿದ್ದು ಎಂಬುದೇ ನೆನಪಿರುತ್ತಿರಲಿಲ್ಲ. ಈಗ ತಿಂಗಳ ಮೊದಲ ದಿನವೇ ಗೋಡೆ ಕ್ಯಾಲೆಂಡರಿನ ಪ್ರತಿ ಮನೆಯಲ್ಲೂ 2 ಅಥವಾ 3 ಎಂದು ಬರೆದಿಡುತ್ತೇನೆ. ರಾತ್ರಿ ಎಂಟಕ್ಕೆ ನುಂಗಿದ ಮೇಲೆ ಅಮ್ಮ ತಾನೇ ಪೆನ್ನಿನಲ್ಲಿ ಗೀಟು ಹಾಕುತ್ತಾಳೆ. ರಾತ್ರಿಯೇ ಏಕೆಂದರೆ, ಬೆಳಿಗ್ಗೆ ಪರೀಕ್ಷೆಗೆ ರಕ್ತ ಕೊಟ್ಟರೆ ಸಂಜೆಯೊಳಗೆ ವರದಿ ಬರುತ್ತದೆ. ಡೋಸ್ ಬದಲಿಸಬೇಕಿದ್ದರೆ ಅಂದೇ ಬದಲಿಸಬಹುದು.

ಮರೆತದ್ದು ಅದೇ ರಾತ್ರಿ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಬಿಟ್ಟದ್ದನ್ನು ಬರೆದಿಡಿ. ಎರಡು ದಿನದ್ದನ್ನು ಒಟ್ಟಿಗೆ ನುಂಗಲೇಬಾರದು.

ಐಎನ್‌ಆರ್ ಪರೀಕ್ಷೆಗೆ ನೋಟ್‌ಬುಕ್ ಬೇಕು: ತಾರೀಖು, ಡೋಸ್, ಐಎನ್‌ಆರ್. ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ಅಂಕಿ ಅದು, ಏರಿದಷ್ಟೂ ನಿಧಾನ. ಈ ಮಾತ್ರೆ ನುಂಗದವರಲ್ಲಿ ಅದು ಸುಮಾರು 1. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಗುರಿ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದಲ್ಲಿ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ) ಲೋಹದ ಕವಾಟವಿದ್ದವರಿಗೆ ಹೆಚ್ಚಾಗಿ 2.5ರಿಂದ 3.5. ನಿಮ್ಮ ಗುರಿ ಎಷ್ಟೆಂದು ವೈದ್ಯರನ್ನೇ ಕೇಳಿ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ.

ಸೊಪ್ಪು ಬಿಡಬೇಕೆಂದು ಹೆದರಿಸುವವರು ಬಹಳ. ಬಿಡಬೇಕಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ‘ಕೆ’ ಮಾತ್ರೆಯ ಬಲ ಕುಗ್ಗಿಸುವುದು ನಿಜ, ಆದರೆ ವಾರವಾರವೂ ಒಂದೇ ಅಳತೆಯಲ್ಲಿ ತಿಂದರೆ ಡೋಸ್ ಅದಕ್ಕೆ ಹೊಂದಿಕೊಳ್ಳುತ್ತದೆ. ಊರಿಂದ ಚೀಲ ತುಂಬ ನುಗ್ಗೆಸೊಪ್ಪು ಬಂತೆಂದು ವಾರವಿಡೀ ಅದನ್ನೇ ಉಂಡರೆ ಐಎನ್‌ಆರ್ ಇಳಿಯುತ್ತದೆ.

ನನಗೆ ಸೊಪ್ಪಿಗಿಂತ ಹೆಚ್ಚು ಭಯ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳದ್ದು. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಐಎನ್‌ಆರ್ ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ನಾಟಿ ಔಷಧಿಯನ್ನೂ ವೈದ್ಯರಿಗೆ ಹೇಳದೆ ಶುರುಮಾಡಬೇಡಿ. ಜ್ವರ ಬಂದಾಗ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಅಭ್ಯಾಸವಿದ್ದರೆ ಬಿಡಿ. ಮಾಂಸಖಂಡದೊಳಗೆ ರಕ್ತ ತುಂಬಿ ಗಡ್ಡೆಯಾಗಬಹುದು.

ಹಲ್ಲು ಕೀಳಿಸಲು ಹೋಗುವಾಗ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಹೃದ್ರೋಗ ವೈದ್ಯರನ್ನು ಮೊದಲೇ ಕೇಳಿ. ಈ ಮಾತ್ರೆ ಭ್ರೂಣಕ್ಕೆ ಹಾನಿ ಮಾಡಬಲ್ಲದು, ಹಾಗಾಗಿ ಮಗು ಬೇಕೆನ್ನುವವರು ಗರ್ಭ ನಿಲ್ಲುವ ಮೊದಲೇ ಅವರೊಂದಿಗೆ ಮಾತಾಡಬೇಕು. ಪರೀಕ್ಷೆಯ ರಗಳೆ ಇಲ್ಲದ ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳು ಲೋಹದ ಕವಾಟದವರಿಗೆ ಆಗುವುದಿಲ್ಲ.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದಾಗ ಹೊರಗೆ ಗಾಯ ಕಾಣದಿದ್ದರೂ, ಎದ್ದು ಓಡಾಡುತ್ತಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ನೋಟ್‌ಬುಕ್ ಕೈಯಲ್ಲಿರಲಿ; ಎಮರ್ಜೆನ್ಸಿ ಬಾಗಿಲಲ್ಲೇ ‘ಇವರು ಅಸಿಟ್ರೋಮ್ ತಗೋತಾರೆ’ ಎಂದು ಹೇಳಿ.