ಟಾರ್ಪಾಲ್ ಜೋಲು ಬೀಳದಂತೆ ಬಿಗಿಯಲು ಲಾರಿಯವರ ಗಂಟು

ಎರಡು ಮರದ ನಡುವೆ ಹಗ್ಗ ಕಟ್ಟಿ ಟಾರ್ಪಾಲ್ ಹಾಕುವವರು ಎರಡೂ ತುದಿಗೆ ಕಗ್ಗಂಟು ಬಿಗಿದುಬಿಡುತ್ತಾರೆ. ಒಂದು ಮಳೆ ಬಿದ್ದರೆ ನೈಲಾನ್ ಹಗ್ಗ ಹಿಗ್ಗಿ, ಟಾರ್ಪಾಲ್ ಮೇಲೆ ನೀರು ನಿಲ್ಲುತ್ತದೆ. ಬಿಚ್ಚಿ ಬಿಗಿಯೋಣವೆಂದರೆ ಗಂಟು ಕುಡುಗೋಲು ಕೇಳುತ್ತದೆ. ಲೋಡ್ ಕಟ್ಟುವ ಲಾರಿಯವರ ಗಂಟೇ ಇದಕ್ಕೆ ಮದ್ದು.

8 ಮಿ.ಮೀ. ಹಗ್ಗ ಸಾಕು, ಮರಗಳ ಅಂತರಕ್ಕಿಂತ 3 ಮೀಟರ್ ಹೆಚ್ಚಿರಲಿ. ಮೊದಲ ಮರಕ್ಕೆ ಬೋಲೈನ್ (ಎಳೆದರೂ ಕಿರಿದಾಗದ ಕುಣಿಕೆಯ ಗಂಟು) ಹಾಕಿ, ಬಾಲ ಒಂದು ಗೇಣು ಬಿಡಿ. ಎರಡನೇ ಮರಕ್ಕೆ ಒಂದು ಮೀಟರ್ ಇರುವಂತೆಯೇ ಹಗ್ಗ ತಿರುಚಿ ಉಂಗುರ ಮಾಡಿ. ಸಡಿಲ ತುದಿಯ ಕಡೆಯ ಹಗ್ಗವನ್ನು ಮಡಚಿ ಅದರೊಳಗಿಂದ ಎಳೆಯಿರಿ. ಕುಣಿಕೆ ಬಂತು.

ಎಡವಟ್ಟಾಗುವುದು ಇಲ್ಲೇ. ಮೊದಲ ಮರದ ಕಡೆಯ ಹಗ್ಗವನ್ನು ಮಡಚಿ ಎಳೆದಿದ್ದರೆ ಭಾರ ಬೀಳುತ್ತಲೇ ಕುಣಿಕೆ ಮುಚ್ಚಿಕೊಳ್ಳುತ್ತದೆ. ಕುಣಿಕೆಯಲ್ಲಿ ಬೆರಳಿಟ್ಟು ಆ ಕಡೆಯ ಹಗ್ಗ ಜಗ್ಗಿ ನೋಡಿ. ಕುಣಿಕೆ ಕಿರಿದಾಗಿ ಬೆರಳು ಸಿಕ್ಕಿಕೊಂಡರೆ ಬಿಚ್ಚಿ ಮತ್ತೆ ಹಾಕಿ.

ಈಗ ತುದಿಯನ್ನು ಎರಡನೇ ಮರಕ್ಕೆ ಬಳಸಿ ತಂದು ಕುಣಿಕೆಯಲ್ಲಿ ತೂರಿಸಿ, ಮರದ ಕಡೆಗೇ ಹಿಂದಕ್ಕೆ ಜಗ್ಗಿ. ರಾಟೆಯ ಹಾಗೆ, ಲೆಕ್ಕಕ್ಕೆ ಮೂರು ಪಟ್ಟು ಬಲ. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಅಷ್ಟು ಸಿಗದು. ಆದರೂ ಉತ್ಸಾಹದಲ್ಲಿ ಜಗ್ಗಿ ಎಳೆಯ ಮರ ಬಾಗಿಸಬೇಡಿ! ಕುಣಿಕೆಯ ಬುಡವನ್ನು ಹೆಬ್ಬೆರಳು-ತೋರುಬೆರಳಲ್ಲಿ ಚಿವುಟಿ ಹಿಡಿದೇ ಎರಡು ಅರ್ಧಗಂಟು (ತುದಿಯನ್ನು ಹಗ್ಗಕ್ಕೆ ಒಂದು ಸುತ್ತು ಸುತ್ತಿ ಅದರೊಳಗಿಂದ ತೂರಿಸಿದ್ದು) ಹಾಕಿ. ಎರಡನೆಯದನ್ನು ಹಗ್ಗ ಮಡಚಿ ಹಾಕಿದರೆ ಬೆಳಿಗ್ಗೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ನುಣುಪಾದ ಪ್ಲಾಸ್ಟಿಕ್ ಹಗ್ಗವಾದರೆ ಮೂರು ಹಾಕಿ, ಎರಡು ಜಾರುತ್ತದೆ.