ಹಳೇ ರೆಡ್ ವೈನ್ ತೆರೆಯೋ ಮುಂಚೆ

ಫ್ರಾನ್ಸಿನ ಬೋರ್ಡೋ ಸೀಮೆಯದರ ಥರದ ಹಳೇ ರೆಡ್ ವೈನ್ ಸಿಕ್ಕಿದೆ ಅನ್ನೋರಿಗೆ ಒಂದು ಮಾತು. ‘ರೂಮ್ ಟೆಂಪರೇಚರ್’ ಅಂದ್ರೆ ದಾವಣಗೆರೆ ಬೇಸಿಗೆಯ ಹಾಲ್ ಅಲ್ಲ, 16-18 ಡಿಗ್ರಿ. ಒಂದು ಗಂಟೆಯಾದರೂ ಫ್ರಿಜ್ಜಿನಲ್ಲಿಡಿ. ಇಲ್ಲದಿದ್ದರೆ ಬರೀ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಕೂರಲಿ. ನಾನು ಒಮ್ಮೆ ಮರೆತೆ. ಭಾವನ ಗ್ಲಾಸಿಗೆ ಫಿಲ್ಟರ್ ಕಾಫಿಯ ಚರಟ ಸುರಿದ ಹಾಗಾಯಿತು!

ಗ್ಲಾಸನ್ನು ಬಿಳಿ ಪಂಚೆ ಮೇಲೆ ಓರೆ ಮಾಡಿ ನೋಡಿ. ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಮಾಗಿದೆ. ವಾಸನೆಯಲ್ಲಿ ತಾಜಾ ಹಣ್ಣಿಗಿಂತ ಒಣಹಣ್ಣು, ತಂಬಾಕಿನ ಎಲೆ, ಚರ್ಮ ಜಾಸ್ತಿ. ತೊಯ್ದ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಡಿಸಿದೆ, ಕಾಸು ಹೋಯಿತು ಅಂತ ಸುಮ್ನೆ ಕುಡಿಯಬೇಡಿ.

ಮುಖ್ಯ ಅಂದ್ರೆ ಒಗರು. ಕ್ಯಾಬರ್ನೆ ಸೋವಿನ್ಯೋನ್ ಅನ್ನೋ ದ್ರಾಕ್ಷಿಯ ಎಳೆಯ ವೈನ್ ಹಸಿ ಅಡಿಕೆ ಜಗಿದ ಹಾಗೆ ವಸಡು ಹಿಡಿಯುತ್ತದೆ. ಚನ್ನಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಚೆನ್ನಾಗಿ ಮಾಗಿದ್ದರಲ್ಲಿ ಅದೇ ಒಗರು ನುಣುಪಾಗಿ ಇಳಿಯುತ್ತದೆ, ನುಂಗಿದ ಮೇಲೂ ರುಚಿ ಬಹಳ ಹೊತ್ತು ನಿಲ್ಲುತ್ತದೆ. ಗಂಟಲಿಗಿಳಿದ ಕೂಡಲೇ ಮಾಯವಾದರೆ ನಾನಂತೂ ಹೆಚ್ಚು ಮಾರ್ಕ್ಸ್ ಕೊಡಲ್ಲ.

ಜೊತೆಗೆ ಮಿರ್ಚಿ ಮಂಡಕ್ಕಿ ಬೇಡ. ಖಾರಕ್ಕೆ ಒಗರು ಇನ್ನೂ ಒರಟಾಗುತ್ತದೆ. ಮಿರ್ಚಿ ನಾಳೆ ಸಂಜೆಗಿರಲಿ.